ನಮ್ಮ ರೊಟ್ಟಿ ಮನೆಯ ಲಡಾಯಿ

ಆ ಗುರುವಾರ ಮಾಡಿದ ಕೆಲಸಗಳು ಇಷ್ಟು. ಬಾಗಿಲ ಮುಂದಿನ ಬೇವಿನ ಎಲೆ ಗುಡಿಸಿದ್ದು. ಹಾಲು ಕಾಯಿಸಿದ್ದು. ಜೋಳದ ಹಿಟ್ಟು ಜರಡಿ ಹಿಡಿದದ್ದು. ನಾಲ್ಕೂ ಒಲೆಗಳ ಬೂದಿ ತೆಗೆದದ್ದು. ಶೇಂಗಾ ಹುರಿದು ಸಿಪ್ಪೆ ಹಾರಿಸಿದ್ದು. ನನ್ನ ಯಜಮಾನರ ಗೂಡ್ಸ್ ಆಟೋದ ಹಿಂಬದಿ ತೊಳೆದು ಬಿಳಿ ಬಟ್ಟೆ ಹಾಸಿದ್ದು. ಮಜ್ಜಿಗೆ ಕಡೆದದ್ದು. ಯುದ್ಧದ ಜಗಳ ಬಿಡಿಸಿದ್ದು.

ಕೊನೆಯದೂ ಒಂದು ಕೆಲಸವೇ ಎಂದು ನಗಬೇಡಿ. ಆ ತಿಂಗಳಿಡೀ ಅದು ನನಗೆ ಕಸ ಗುಡಿಸುವಷ್ಟೇ ನಿತ್ಯದ ಕೆಲಸವಾಗಿತ್ತು.

ನಮ್ಮದು ಹುಮನಾಬಾದಿನಲ್ಲಿ ರೊಟ್ಟಿ ಮಾಡುವ ಮನೆ. ಹಿತ್ತಲಿನ ತಗಡಿನ ಶೆಡ್ಡಿನಲ್ಲಿ ನಾಲ್ಕು ಒಲೆ, ಒಂದೊಂದು ಒಲೆಗೆ ಇಬ್ಬರು ಹೆಂಗಸರು. ಒಬ್ಬಳು ತಟ್ಟುತ್ತಾಳೆ, ಇನ್ನೊಬ್ಬಳು ಬೇಯಿಸುತ್ತಾಳೆ. ಲಗ್ನಕ್ಕೆ, ಸಭೆಗೆ, ಖಾನಾವಳಿಗೆ ಖಡಕ್ ರೊಟ್ಟಿ ಇಲ್ಲಿಂದ ಹೋಗುತ್ತದೆ. ವರ್ಷಗಟ್ಟಲೆ ಜೊತೆ ಕೂತ ಜೋಡಿಗಳು ಕಣ್ಣಿಗಿಂತ ಹೆಚ್ಚು ಕಿವಿಯಿಂದ ಕೆಲಸ ಮಾಡುತ್ತಾರೆ. ತಟ್ಟುವವಳ ಕೈಸಪ್ಪಳ ಹಗುರಾಯಿತೆಂದರೆ ರೊಟ್ಟಿ ತೆಳುವಾಯಿತೆಂದು ಲೆಕ್ಕ. ಬೇಯಿಸುವವಳ ಅಂಗೈ ತಾನಾಗಿ ಮುಂದೆ ಬರುತ್ತದೆ, ರೊಟ್ಟಿ ಅದರ ಮೇಲೆ ಕೂರುತ್ತದೆ, ಅಲ್ಲಿಂದ ಹಂಚಿಗೆ. ಆಕೆ ಒದ್ದೆ ಬಟ್ಟೆ ಸವರಿ, ತಿರುವಿ ಹಾಕಿ, ಕೆಂಡದ ಬದಿಗೆ ನಿಲ್ಲಿಸುವಷ್ಟರಲ್ಲಿ ಮುಂದಿನದು ತಯಾರು.

ಆಗ ಗಲ್ಫ್ ಕಡೆ ಲಡಾಯಿ ಶುರುವಾಗಿ ಕೆಲವು ವಾರಗಳಾಗಿದ್ದವು. ಇನ್ನೂ ಜೋರಾಗಿ ಹೊಡೆಯಬೇಕೋ, ಮಾತುಕತೆಗೆ ಕೂರಬೇಕೋ ಎಂದು ಟಿವಿಯಲ್ಲಿ ಹಗಲಿಡೀ ವಾದ. ಟಿವಿಯಿಂದ ಅದು ಚಹಾದಂಗಡಿಗೆ ಇಳಿಯಿತು, ಅಲ್ಲಿಂದ ಕಟಿಂಗ್ ಶಾಪಿಗೆ, ಅಲ್ಲಿಂದ ನಮ್ಮ ಶೆಡ್ಡಿಗೆ. ಯಾವ ದೇಶ ಎಲ್ಲಿದೆ ಎಂದು ನಮ್ಮಲ್ಲಿ ಅರ್ಧ ಮಂದಿಗೆ ಗೊತ್ತಿರಲಿಲ್ಲ. ಏನು ಮಾಡಬೇಕು ಎಂಬುದು ಮಾತ್ರ ಎಲ್ಲರಿಗೂ ಗೊತ್ತಿತ್ತು.

ಹೊಡೆಯಬೇಕು ಎನ್ನುವವರ ಮುಖಂಡತ್ವ ನಮ್ಮ ವೈನಿಯದು. ವೈನಿ ಎಂದರೆ ನನ್ನ ಅಣ್ಣನ ಹೆಂಡತಿ, ಹಂಚಿನ ಮುಂದೆ ಆಕೆಯನ್ನು ಮೀರಿಸುವವರಿಲ್ಲ. ಮಾತಾಡಬೇಕು ಎನ್ನುವವರ ಹಿರಿಯಳು ದುಬಲಗುಂಡಿಯಿಂದ ದಿನಾ ಬಸ್ಸಿಗೆ ಬರುವ ಆಯಿ. ಆಕೆ ತಟ್ಟಿದ ರೊಟ್ಟಿ ಎತ್ತಿ ಹಿಡಿದರೆ ಆಚೆಯ ಬೆಳಕು ಕಾಣುತ್ತದೆ. ಇಬ್ಬರೂ ಒಂದೇ ಒಲೆಯ ಜೋಡಿ ಎಂಬುದೇ ನನ್ನ ಪ್ರಾರಬ್ಧ.

ಯಾವ ಪಕ್ಷಕ್ಕೂ ಸೇರದವಳು, ಎಲ್ಲ ಒಲೆಗಳಿಗೂ ಹಿಟ್ಟು ನಾದಿ ಕೊಡುವ ಆಪಾ. ಹಿಂದಿನ ಓಣಿಯ ಮನೆ. ವಯಸ್ಸಿನಲ್ಲಿ ದೊಡ್ಡವರೂ ಆಕೆಯನ್ನು ಆಪಾ, ಅಂದರೆ ಅಕ್ಕ, ಎಂದೇ ಕರೆಯುತ್ತಾರೆ. ಆಕೆಯ ಗಂಡ ಗಲ್ಫಿನಲ್ಲಿ ಟ್ಯಾಂಕರ್ ಓಡಿಸುತ್ತಾನೆ. ಬರುವ ಐತ್ವಾರ, ಅಂದರೆ ಭಾನುವಾರ, ಮಗಳ ನಿಕಾಹ. ಅಪ್ಪ ಬರಬೇಕು ಎಂದೇ ಆ ದಿನ ಗೊತ್ತು ಮಾಡಿದ್ದು. ಎರಡು ಸಲ ಟಿಕೆಟ್ ಆಗಿ ಎರಡು ಸಲವೂ ವಿಮಾನ ರದ್ದಾಗಿತ್ತು. ಆಕಾಶದಲ್ಲಿ ಕ್ಷಿಪಣಿ ಹಾರಾಡುವಾಗ ವಿಮಾನ ಯಾರು ಬಿಡುತ್ತಾರೆ? ನಿಕಾಹ ಮುಂದೆ ಹಾಕೋಣ ಎಂದು ಹೆಣ್ಣಿನ ಕಡೆಯವರು ಹೇಳಿದರೆ ಗಂಡಿನ ಕಡೆಯವರು ಬಂಧುಗಳೆಲ್ಲ ಹೊರಟಾಗಿದೆ ಎಂದರು. ಆಪಾ ಒಂದು ವಾರದಿಂದ ಸರಿಯಾಗಿ ಕಣ್ಣು ಮುಚ್ಚಿರಲಿಲ್ಲ.

ಅಂದು ಬಸವಕಲ್ಯಾಣದಿಂದ ರೊಟ್ಟಿ ಬೇಕೆಂದು ಹೇಳಿಕೆ ಬಂದಿತ್ತು. ಏನು ಸಮಾರಂಭ ಎಂದು ಕೇಳಿದರೆ, ಕೆಲವು ಮಾಸ್ತರರು, ವಕೀಲರು ಕೂಡಿ ಇದೇ ಯುದ್ಧದ ಮೇಲೆ ಬಹಿರಂಗ ಚರ್ಚೆ ಇಟ್ಟಿದ್ದಾರಂತೆ. ಚರ್ಚೆ ಮುಗಿದ ಮೇಲೆ ರೊಟ್ಟಿ ಊಟ.

ಇದು ಶೆಡ್ಡಿಗೆ ಗೊತ್ತಾಗಿದ್ದೇ ತಪ್ಪಾಯಿತು. ವೈನಿ ಒಲೆಗೆ ಕಟ್ಟಿಗೆ ಇಡುತ್ತಲೇ ಶುರು ಮಾಡಿದಳು.

“ಚರ್ಚಾ ಏನು ಮಾಡ್ತಾರ್ರಿ? ಒಮ್ಮಿ ಬರೋಬ್ಬರಿ ಹೊಡದ್ರ ಮುಗದೇ ಹೋಗ್ತದ.”

“ನೀ ಹೊಡದ್ರ ಅವ ಸುಮ್ ಕುಂದ್ರತಾನೇನು?” ಎಂದಳು ಆಯಿ. “ಅವನೂ ಹೊಡೀತಾನ. ಕಡಿಗಿ ಇಬ್ಬರೂ ಕುಂತು ಮಾತಾಡಬೇಕಲ್ಲ, ಈಗೇ ಮಾತಾಡ್ರಿ.”

“ಮೆತ್ತಗ ಮಾತಾಡಿದ್ರ ತಲಿ ಮ್ಯಾಲ ಕುಂದ್ರತಾರ, ಆಯಿ. ನಿನ್ನ ಸೊಸಿ ನೋಡು.”

“ನನ್ನ ಸೊಸಿ ಸುದ್ದಿ ತೆಗಿಬ್ಯಾಡ. ಆಕಿ ಕೂಡ ಜಗಳ ಮುಗದು ಸುಲಹ ಆಗ್ಯದ.”

“ಹಾಂ, ಸುಲಹ! ಬ್ಯಾರೆ ಒಲಿ ಹಚ್ಚಿ!”

ಶೆಡ್ಡೆಲ್ಲ ನಕ್ಕಿತು. ಆಯಿ ನಗಲಿಲ್ಲ. ಹಿಟ್ಟಿನ ಪರಾತ ಎತ್ತಿಕೊಂಡು ಎದ್ದು, “ನಾ ಈಕಿ ಒಲಿ ಮುಂದ ಕುಂದ್ರಂಗಿಲ್ಲ” ಎಂದು ಆ ಕಡೆಯ ಗೋಡೆಗೆ ಹೋಗಿ ಕೂತಳು. ಆಕೆಯ ಪಕ್ಷದವರೆಲ್ಲ ತಮ್ಮ ತಮ್ಮ ಪರಾತ ಹೊತ್ತು ಹಿಂದೆ ಹೋದರು. ಹೊಡೆಯುವ ಪಕ್ಷದವರು ಒಲೆಗಳನ್ನು ಬಿಡದೆ ಈ ಕಡೆಯೇ ಉಳಿದರು.

ಅಷ್ಟರಲ್ಲಿ ನಾನು ಚಹಾ ತರಲು ಒಳಗೆ ಹೋಗಿದ್ದೆ. ಬಂದು ನೋಡಿದರೆ ತಟ್ಟುವವರೆಲ್ಲ ಒಂದು ಗೋಡೆಗೆ, ಬೇಯಿಸುವವರೆಲ್ಲ ಇನ್ನೊಂದು ಗೋಡೆಗೆ. ಆ ಕಡೆ ಹಸಿ ರೊಟ್ಟಿಗಳು ಹಾಸಿ ಹಾಸಿ ಅಂಚು ಒಣಗುತ್ತಿವೆ. ಈ ಕಡೆ ಹಂಚುಗಳು ಬರಿದೇ ಕಾದು ಹೊಗೆಯಾಡುತ್ತಿವೆ. ಜೋಡಿಯಲ್ಲಿ ಯಾರು ಯಾವ ಪಕ್ಷ ಎಂದು ಯಾರೂ ಅದುವರೆಗೆ ಎಣಿಸಿ ನೋಡಿರಲಿಲ್ಲ. ಕೆಂಡದ ಮುಂದೆ ಕೂತವರಷ್ಟೂ ಹೊಡೆಯುವ ಪಕ್ಷ, ಹಿಟ್ಟಿನಲ್ಲಿ ಕೈಯಿಟ್ಟವರಷ್ಟೂ ಮಾತಿನ ಪಕ್ಷ. ಹಾಗೆ ಯಾಕಾಯಿತೋ ನನಗೆ ಇಂದಿಗೂ ಗೊತ್ತಿಲ್ಲ.

ಆಪಾ ಮಾತ್ರ ನಡುವೆ ಹಿಟ್ಟು ನಾದುತ್ತ ಕೂತಿದ್ದಳು. “ಆಪಾ, ನೀ ಯಾ ಕಡಿ?” ಎಂದು ಯಾರೋ ಕೇಳಿದರು.

“ಯಾ ಕಡಿ ಕುಂದ್ರಸ್ತೀರಿ ಕುಂದ್ರಸ್ರಿ,” ಎಂದಳು ಆಪಾ, ತಲೆ ಎತ್ತದೆ. “ಫೋನಿಗಿ ಸಿಗ್ನಲ್ ಬರೋ ಕಡಿ ಇರ್ಲಿ, ಅಷ್ಟ.”

ವೈನಿ ಸೋಲುವವಳಲ್ಲ. ತಾನೇ ತಟ್ಟುತ್ತೇನೆಂದು ಹಿಟ್ಟಿನ ಉಂಡೆ ತೆಗೆದುಕೊಂಡಳು. ಆದ ರೊಟ್ಟಿಗೆ ಒಂದು ಮೂಲೆ ಉದ್ದ, ಒಂದು ಮೂಲೆ ಮೊಂಡು, ನಡುವೆ ಒಂದು ತೂತು. ಆಯಿ ಆ ಗೋಡೆಯಿಂದಲೇ ಕತ್ತು ಚಾಚಿ ನೋಡಿದಳು.

“ಇದು ಯಾವ ದೇಶ, ನನ್ನವ್ವಾ? ಇದರ ಸಲುವಾಗೇ ಲಡಾಯಿ ನಡದದೇನು?”

ಆಯಿ ತಾನೂ ಬೇಯಿಸಲು ಹೋಗಿ ಒಂದು ರೊಟ್ಟಿಯನ್ನು ಕರಿ ಕಂಬಳಿ ಮಾಡಿದಳು. ಅದನ್ನು ವೈನಿ ಎರಡು ಬೆರಳಲ್ಲಿ ಎತ್ತಿ ಎಲ್ಲರಿಗೂ ತೋರಿಸಿದಳು. “ನೋಡ್ರಿ, ಮಾತಾಡೋರ ಕೈಯಾಗ ಕೊಟ್ರ ಹ್ಯಾಂಗ ಆಗ್ತದ!”

ಈ ಸಲ ಆಯಿಗೂ ನಗು ಬಂತು. ಸೆರಗು ಬಾಯಿಗಿಟ್ಟುಕೊಂಡು ನಕ್ಕಳು. ಹೊರಗೆ ಯಜಮಾನರು ಆಟೋ ಚಾಲೂ ಮಾಡಿ ಹಾರ್ನ್ ಹೊಡೆದರು. ನಾನು ಚಹಾದ ತಟ್ಟೆ ನೆಲಕ್ಕಿಟ್ಟು, “ವೈನಿ, ಆಯಿ, ಇಬ್ಬರಿಗೂ ಕೈ ಮುಗೀತೀನ್ರಿ. ರೊಟ್ಟಿ ಮುಗಿಯೂ ತನಕ ಬಾಯಿ ಬಂದ್” ಎಂದೆ. ವೈನಿ ಕರಾರು ಹಾಕಿದಳು: ಬಾಯಿ ಬಂದ್ ಮಾಡುತ್ತಾಳೆ, ಆದರೆ ಚರ್ಚೆ ಕೇಳಲು ತನ್ನನ್ನೂ ಆಟೋದಲ್ಲಿ ಕರೆದೊಯ್ಯಬೇಕು. ಹಾಗಾದರೆ ತಾನೂ ಬರುತ್ತೇನೆಂದಳು ಆಯಿ. ಪರಾತಗಳು ಮರಳಿ ಬಂದವು. ಅಂದಿನಷ್ಟು ಜಲ್ದಿ ರೊಟ್ಟಿ ನಾವು ಯಾವತ್ತೂ ಮಾಡಿರಲಿಲ್ಲ. ಸೊಟ್ಟ ರೊಟ್ಟಿಯನ್ನೂ ಕರಿಯಾದದ್ದನ್ನೂ ಹಸುವಿಗೆ ಹಾಕಿದೆ. ಅದು ಎರಡನ್ನೂ ತಿಂದಿತು.

ಬಡಿಸಲು ಕೈ ಬೇಕೆಂದು ಆಪಾಳನ್ನೂ ಹೊರಡಿಸಿದೆ. ಮನೆಯಲ್ಲಿ ಫೋನ್ ನೋಡುತ್ತ ಕೂರುವುದಕ್ಕಿಂತ ಒಳ್ಳೆಯದು. ಗುರುವಾರವಾದ್ದರಿಂದ ಮಾಣಿಕನಗರದ ಗುಡಿಯ ಕಡೆ ಭಕ್ತರ ಆಟೋಗಳ ಸಾಲು. ಅದನ್ನು ದಾಟಿ ಹೈವೇ ಹಿಡಿದೆವು. ಬುಟ್ಟಿಗಳ ನಡುವೆ ಕಾಲು ಮಡಚಿ ಕೂತ ನಾಲ್ವರ ಮೇಲೂ ರೊಟ್ಟಿಯ ಬಿಸಿ ವಾಸನೆ.

ಬಸವಕಲ್ಯಾಣ ಶರಣರ ಕಾಲದಿಂದ ಕೂತು ಮಾತಾಡಿದ ಊರು. ಅಲ್ಲಿ ಮೈಕ್ ಹಿಡಿದವರು ಬೇಗ ಬಿಡುವುದಿಲ್ಲ. ಊಟದ ಹೊತ್ತು ಮೀರಿದರೂ ಚರ್ಚೆ ನಡೆದೇ ಇತ್ತು. ನಾವು ಬುಟ್ಟಿ ಇಳಿಸಿ ಹಿಂದಿನ ಗೋಡೆಗೆ ಕೂತೆವು. ಒಬ್ಬ ನಿವೃತ್ತ ಸೈನಿಕರು ಮಾತಾಡುತ್ತಿದ್ದರು. ಅರ್ಧಕ್ಕೆ ಬಿಟ್ಟ ಲಡಾಯಿ ಮತ್ತೆ ಮಕ್ಕಳ ಕಾಲಕ್ಕೆ ಬರುತ್ತದೆ, ಮಾತಿಗೆ ಕರೆದವನು ಅಷ್ಟರಲ್ಲಿ ಮದ್ದುಗುಂಡು ಕೂಡಿಸಿಕೊಳ್ಳುತ್ತಾನೆ ಎಂದರು. ಹೌದಲ್ಲ ಅನ್ನಿಸಿತು. ಆಮೇಲೆ ಒಬ್ಬ ವಕೀಲರು ಎದ್ದು, ಕೋರ್ಟಿನಲ್ಲಿ ಇಪ್ಪತ್ತು ವರ್ಷ ಹೊಡೆದಾಡಿದ ಅಣ್ಣತಮ್ಮಂದಿರನ್ನು ನೋಡಿದ್ದೇನೆ, ಕೊನೆಗೆ ಒಂದು ಮರದ ಕೆಳಗೆ ರಾಜಿಯಾಗುತ್ತಾರೆ, ಅಷ್ಟರಲ್ಲಿ ಹೊಲ ಬೀಳಾಗಿರುತ್ತದೆ ಎಂದರು. ಅದೂ ಹೌದಲ್ಲ ಅನ್ನಿಸಿತು. ಒಬ್ಬರಾದ ಮೇಲೊಬ್ಬರು ಹೇಳುವಾಗ ನನಗೆ ಹೀಗೇ ಆಗುತ್ತದೆ.

ಸಾರ್ವಜನಿಕರಲ್ಲಿ ಯಾರಾದರೂ ಮಾತಾಡುವುದಿದ್ದರೆ ಬನ್ನಿ ಎಂದರು ಅಧ್ಯಕ್ಷರು. ನಾನು ಹಿಡಿಯುವಷ್ಟರಲ್ಲಿ ವೈನಿ ಎದ್ದಾಗಿತ್ತು. ಹೆಂಗಸೊಬ್ಬಳು ಹಿಂದಿನಿಂದ ನಡೆದುಬಂದದ್ದು ನೋಡಿ ಸಭೆ ಚಪ್ಪಾಳೆ ತಟ್ಟಿತು. ವೈನಿ ಮೈಕನ್ನು ಸೌಟು ಹಿಡಿದ ಹಾಗೆ ಹಿಡಿದಳು.

“ನಾ ಹೊಡಿಬೇಕು ಅನ್ನಾಕಿ ಇದ್ದೀನ್ರಿ,” ಎಂದಳು.

ಸೈನಿಕರ ಕಡೆಯಿಂದ ಇನ್ನೊಂದು ಚಪ್ಪಾಳೆ. ವೈನಿ ಮುಂದಿನ ಮಾತಿಗೆ ಬಾಯಿ ತೆರೆದಳು. ಅಷ್ಟರಲ್ಲಿ ಆಕೆಯ ಕಣ್ಣು ನಮ್ಮ ಕಡೆ ಬಂತು. ಆಪಾ ಎಲ್ಲಾ ಬಿಟ್ಟು ಫೋನನ್ನೇ ನೋಡುತ್ತ ಕೂತಿದ್ದಳು. ವೈನಿ ಮೈಕನ್ನು ಇನ್ನೊಂದು ಕೈಗೆ ದಾಟಿಸಿದಳು.

“ಆದ್ರ ಐತ್ವಾರ ನಮ್ಮ ಓಣಿ ಹುಡುಗಿ ಲಗ್ನ ಅದ್ರಿ. ಅದರ ಅಪ್ಪ ಅಲ್ಲೇ ಲಡಾಯಿ ನಡದಲ್ಲಿ ಕುಂತಾನ. ವಿಮಾನ ಬಿಡವಲ್ರು. ಅದಕ್ಕ ಎರಡೂ ಕಡಿಯವರಿಗಿ ನಂದೊಂದು ಮಾತು. ಐತ್ವಾರ ತನಕ ನಿಂದ್ರಸ್ರಿ. ಆತ ಬಂದು ಮಗಳ ತಲಿ ಮ್ಯಾಲ ಕೈ ಇಡ್ಲಿ. ಸೋಮವಾರದ್ದು ಸೋಮವಾರ ನೋಡೋಣ.”

ಸಭೆ ಗೊಳ್ಳೆಂದಿತು. ವಕೀಲರು ಖುಷಿಯಿಂದ ಎದ್ದು, “ಅಂದ್ರ ತಾಯಿ, ನೀವು ನಮ್ಮ ಕಡೆ ಬಂದ್ರಿ!” ಎಂದರು.

“ಇಲ್ರಿ ಸಾಹೇಬ್ರ, ನಿಮ್ಮ ಕಡಿ ಬಂದಿಲ್ಲ. ಐತ್ವಾರ ತನಕ, ಅಷ್ಟ.”

ಸೈನಿಕರು ನಗುತ್ತ ನಗುತ್ತ ಕಣ್ಣು ಒರೆಸಿಕೊಂಡರು. ಆ ಹುಡುಗಿಯ ಅಪ್ಪ ಯಾವ ಊರಲ್ಲಿದ್ದಾನೆ ಎಂದು ಆಮೇಲೆ ನನ್ನ ಹತ್ತಿರ ಬಂದು ಮೆಲ್ಲಗೆ ಕೇಳಿದರು. ಆಪಾ ಮಾತ್ರ ತಲೆಯ ಮೇಲಿನ ಸೆರಗನ್ನು ಮುಖದವರೆಗೆ ಎಳೆದುಕೊಂಡಿದ್ದಳು. ವೈನಿ ಬಂದು ಕೂರುತ್ತಲೇ ಆಪಾ ಆಕೆಯ ತೊಡೆ ಚಿವುಟಿದಳು. “ಊರ ಮುಂದ ನನ್ನ ಮನಿ ಮಾತು ಹೇಳ್ದೆಲ್ಲ, ಶರಮ್ ಇಲ್ಲೇನು ನಿನಗ?”

“ಇಲ್ಲ,” ಎಂದಳು ವೈನಿ. “ಏಳು, ಬಡಸೋಣ. ಹಸದಾರ.”

ಊಟದ ಸಾಲಿನಲ್ಲಿ ಪಕ್ಷಗಳು ಉಳಿಯಲಿಲ್ಲ. ಸೈನಿಕರ ತಟ್ಟೆಗೆ ಆಯಿ ಎರಡು ರೊಟ್ಟಿ ಹೆಚ್ಚು ಹಾಕಿದಳು. ಮಾತು ತಪ್ಪಾದರೂ ಮನುಷ್ಯ ಸಾದಾ ಇದ್ದಾನೆ ಎಂದು ಕಾರಣ ಕೊಟ್ಟಳು. ಆಪಾ ಶೇಂಗಾ ಹಿಂಡಿ, ಅಂದರೆ ಚಟ್ನಿಪುಡಿ, ಬಡಿಸುತ್ತಿದ್ದಾಗ ಫೋನ್ ಹೊಡೆದುಕೊಂಡಿತು. ಕೈ ತುಂಬ ಹಿಂಡಿ. ವೈನಿಯೇ ಫೋನ್ ಎತ್ತಿ ಆಕೆಯ ಕಿವಿಗೆ ಹಿಡಿದು, ತನ್ನ ಕಿವಿಯನ್ನೂ ಹಚ್ಚಿ ನಿಂತಳು. ಗಂಡನದೇ ಕರೆ. ಕೆಲವು ತಾಸಿಗೆ ಆಕಾಶದ ದಾರಿ ಬಿಟ್ಟಿದ್ದಾರೆ, ಹೈದರಾಬಾದಿನ ವಿಮಾನದಲ್ಲಿ ಜಾಗ ಸಿಕ್ಕಿದೆ, ವಿಮಾನ ನಿಲ್ದಾಣದ ಒಳಗೇ ಇದ್ದೇನೆ ಎಂದ.

“ಸಿಕ್ತಂತ್ರೀ!” ಎಂದು ವೈನಿ ಕೂಗಿದ್ದು ಹೊರಗೆ ಆಟೋದಲ್ಲಿ ಮಲಗಿದ್ದ ಯಜಮಾನರಿಗೂ ಕೇಳಿಸಿತು.

ಆಪಾ ನಗಲಿಲ್ಲ. ಎರಡು ಸಲ ಮೋಸ ಹೋದವಳು. “ವಿಮಾನದಾಗ ಕುಂತ ಮ್ಯಾಲ ಹೇಳ್ರಿ” ಎಂದಷ್ಟೇ ಫೋನಿಗೆ ಹೇಳಿ ಮುಂದಿನ ತಟ್ಟೆಗೆ ಹಿಂಡಿ ಹಾಕಿದಳು. ಆ ತಟ್ಟೆಯವರಿಗೆ ಮೂವರಿಗಾಗುವಷ್ಟು ಹಿಂಡಿ ಬಿತ್ತು. ಅವರು ಅದನ್ನೆಲ್ಲ ಉಂಡರು.

ಹಿಂದಿರುಗುವಾಗ ಬುಟ್ಟಿ ಖಾಲಿ, ಆಟೋ ಹಗುರ. ಸೂರ್ಯ ಬೆನ್ನ ಹಿಂದೆ ಇಳಿಯುತ್ತಿದ್ದ. ಯಾರೂ ಯುದ್ಧದ ಮಾತು ಎತ್ತಲಿಲ್ಲ. ಎಲ್ಲರ ಕಣ್ಣೂ ಆಪಾಳ ಫೋನಿನ ಮೇಲೆ. ಹುಮನಾಬಾದಿನ ಮೊದಲ ಮನೆಗಳು ಕಾಣುವ ಹೊತ್ತಿಗೆ ಒಂದು ಫೋಟೋ ಬಂತು. ವಿಮಾನದ ಸೀಟು, ಹೊಟ್ಟೆಯ ಮೇಲೆ ಬೆಲ್ಟು, ಮಡಿಲಲ್ಲಿ ಮಗಳಿಗೆ ಕೊಂಡ ಯಾವುದೋ ದೊಡ್ಡ ಡಬ್ಬಿ. ಮುಖ ಅರ್ಧ ಮಾತ್ರ ಬಂದಿತ್ತು, ಆದರೆ ಹಲ್ಲೆಲ್ಲ ಕಾಣುತ್ತಿದ್ದವು. ಕೆಳಗೆ ಒಂದೇ ಸಾಲು: ಹೊರಟಿತು, ಫೋನ್ ಬಂದ್ ಮಾಡುತ್ತೇನೆ.

ಆಪಾ ಆಗ ಅತ್ತಳು. ಅಳುತ್ತ ಅಳುತ್ತ ವೈನಿಯ ಬೆನ್ನಿಗೆ ಎರಡು ಗುದ್ದು ಹಾಕಿದಳು. ವೈನಿ ಅದನ್ನು ಬಹುಮಾನದ ಹಾಗೆ ತಗೊಂಡಳು. ಆಯಿಗೆ ದುಬಲಗುಂಡಿಯ ಬಸ್ಸು ತಪ್ಪುತ್ತಿತ್ತು. ಹೋಗಲಿ ಬಿಡು, ಇಂದು ಇಲ್ಲೇ ಇರುತ್ತೇನೆ ಎಂದಳು.

ಆಪಾಳ ಮಗಳನ್ನೂ ನಮ್ಮ ಮನೆಗೇ ಕರೆಸಿದೆವು. ಕೈಯಲ್ಲಿ ಮದರಂಗಿಯ ಹಸಿ ಗೆರೆಗಳು, ಅದಕ್ಕೇ ಆಯಿ ತುತ್ತು ಮಾಡಿ ಬಾಯಿಗಿಟ್ಟಳು. ಬಿಸಿ ರೊಟ್ಟಿ, ಎಣ್ಣೆಗಾಯಿ ಬದನೆಕಾಯಿ, ಪುಂಡಿ ಪಲ್ಯ, ಅಗಸಿ ಹಿಂಡಿಗೆ ಮೊಸರು. ಸಿಹಿಗೆ ಏನೂ ಇರಲಿಲ್ಲವೆಂದು ಬೆಲ್ಲಕ್ಕೆ ತುಪ್ಪ ಹಾಕಿ ರೊಟ್ಟಿ ಮುರಿದು ಮಾದಲಿಯಂತೆ ಕಲಸಿದೆ. ಯಜಮಾನರು ಅದನ್ನೇ ಮೂರು ಸಲ ಹಾಕಿಸಿಕೊಂಡರು.

ಎಲ್ಲರಿಗಿಂತ ಮೊದಲು ಮಲಗಿದವಳು ಆಪಾ. ನಾವಿನ್ನೂ ಮಜ್ಜಿಗೆ ಹಾಕಿಕೊಳ್ಳುತ್ತಿದ್ದೆವು. ಆಕೆ ಗೋಡೆಗೆ ಒರಗಿ, ಬೆಲ್ಲದ ಕೈ ತೊಳೆಯದೆಯೇ ನಿದ್ದೆ ಹೋಗಿದ್ದಳು. ಮಗಳು ಎಬ್ಬಿಸಲು ಹೋದಾಗ ವೈನಿ ತಡೆದಳು. ಒಂದು ಒದ್ದೆ ಬಟ್ಟೆ ತಂದು ಆ ಬೆರಳುಗಳನ್ನು ಒಂದೊಂದಾಗಿ ಒರೆಸಿ, ತಲೆಯ ಕೆಳಗೆ ದಿಂಬು ಇಟ್ಟಳು.