ಆಣೆಯ ಮೂರನೆಯ ದಿನ

ಮೊನ್ನೆ ಮೊನ್ನೆಯವರೆಗೂ ಟಿಕೋಟಾದ ಆಶಾ ಕಾರ್ಯಕರ್ತೆ ದಾನೇಶ್ವರಿಯನ್ನು ಕಂಡರೆ ಕುಡುಕರು ಓಣಿ ಬದಲಿಸುತ್ತಿದ್ದರು. ಕೈಗೆ ಸಿಕ್ಕವನಿಂದ ಅವನ ಹೆಂಡತಿಯದೋ ಮಗಳದೋ ತಲೆ ಮುಟ್ಟಿಸಿ ಕುಡಿತ ಬಿಡುವ ಆಣೆ ಮಾಡಿಸದೆ ಆಕೆ ಬಿಡುತ್ತಿರಲಿಲ್ಲ. ‘ಆಣಿ ದಾನಕ್ಕ’ ಎಂದೇ ಹೆಸರಾಗಿತ್ತು. ಆ ಹೆಸರಿನ ಬಗ್ಗೆ ಒಳಗೊಳಗೇ ಜಂಬವೂ ಇತ್ತು, ಇರಲಿ, ಯಾರಿಗಿಲ್ಲ?

ಆಣೆಯ ಹಟ ಹುಟ್ಟಿದ್ದು ತವರೂರು ಕಾಖಂಡಕಿಯಲ್ಲಿ. ಹನ್ನೊಂದು ವರ್ಷದ ಹಿಂದೆ ಪಂಚಮಿಗೆಂದು ಹೋದವಳು ತಮ್ಮ ರಾಯಪ್ಪನ ಕೈ ಹಿಡಿದು ತನ್ನ ತಲೆಯ ಮೇಲಿಟ್ಟುಕೊಂಡಿದ್ದಳು. ಗೋಡೆ ಕಟ್ಟುವ ಗೌಂಡಿ ಕೆಲಸದ ರಾಯಪ್ಪನಿಗೆ ಬೆಳಗ್ಗೆ ಎದ್ದಕೂಡಲೇ ಕುಡಿಯಲೇಬೇಕು, ಇಲ್ಲದಿದ್ದರೆ ಕೈ ನಡುಗಿ ಗಾರೆ ಮೆತ್ತುವ ಕರಣಿ ಹಿಡಿಯಲಾಗದು. ಆದರೂ, “ಇವತ್ತಿಂದ ಒಂದ ಹನಿನೂ ಮುಟ್ಟೂದಿಲ್ಲಕ್ಕಾ” ಅಂದ. ಗೆಳೆಯರು ಎಳೆದೊಯ್ದಾರೆಂದು ಅವಳೇ ಅವನನ್ನು ಕೋಣೆಯಲ್ಲಿ ಕೂಡಿ ಚಿಲಕ ಹಾಕಿದಳು. ಮೂರನೆಯ ದಿನ ಅವನು ಬೆವರಿ, ತೊದಲಿ, ಗೋಡೆಯ ಮೇಲೆ ಇಲ್ಲದ ಇರುವೆಗಳನ್ನು ಒರೆಸತೊಡಗಿದ. ಕಿಟಕಿಯಿಂದ ಯಾರೋ ಸಾರಾಯಿ ಕೊಟ್ಟಿದ್ದಾರೆ ಎಂದುಕೊಂಡರು ಮನೆಯವರು. ಸಂಜೆ ಫಿಟ್ಸ್ ಬಂತು. ದವಾಖಾನೆ ಮುಟ್ಟುವ ಮೊದಲೇ ಹೋಗಿಬಿಟ್ಟ.

“ಅಕ್ಕನ ತಲಿ ಮುಟ್ಟಿ ಕದ್ದು ಕುಡದ, ಆಣಿ ಹೊಡೀತು” ಎಂದಿತು ಊರು. ಅವ್ವ ಹುಲಿಗೆವ್ವನೂ ನಂಬಿದಳು. ಮಗನ ಫೋಟೋ ಗೋಡೆಗೆ ಹಾಕದೆ ಟ್ರಂಕಿನಲ್ಲಿ ಮುಚ್ಚಿಟ್ಟಳು. ಮರುವರ್ಷವೇ ದಾನೇಶ್ವರಿ ಆಶಾ ಕೆಲಸಕ್ಕೆ ಸೇರಿದಳು.

ಈ ವರ್ಷ ವಿಜಯಪುರದ ಸ್ಟೇಷನ್ ರಸ್ತೆಯ ಒಂದು ಸಭಾಂಗಣದಲ್ಲಿ ನರ್ಸುಗಳಿಗೆ, ಆಪ್ತಸಮಾಲೋಚಕರಿಗೆ, ಆಶಾಗಳಿಗೆ ಮೂರು ದಿನದ ತರಬೇತಿ ನಡೆಯಿತು. ಚಟಕ್ಕೆ ಬೈಗುಳ ಬಿಟ್ಟು, ಗುಣವಾಗುತ್ತದೆಂದು ಪರೀಕ್ಷಿಸಿ ತಿಳಿದ ಚಿಕಿತ್ಸೆ ಕೊಡುವುದು ಹೇಗೆ ಎಂಬುದು ಪಾಠ. ಕಲಿಸುವವರು ಮನೋವೈದ್ಯೆ ನಂದಾ. ಮೊದಲ ದಿನ ಇಬ್ಬಿಬ್ಬರು ನಟಿಸಿ ತೋರಿಸಬೇಕಿತ್ತು. ಬಬಲೇಶ್ವರದ ನರ್ಸ್ ಫಯಾಜ ಕುಡುಕನಾಗಿ ತೂರಾಡುತ್ತ ಬಂದ. ದಾನೇಶ್ವರಿ ತಡ ಮಾಡಲಿಲ್ಲ.

“ನಿನ್ನ ಮಗಳ ತಲಿ ಮುಟ್ಟಿ ಆಣಿ ಮಾಡಲೇ!”

ಸಭೆ ಚಪ್ಪಾಳೆ ತಟ್ಟಿತು. ನಂದಾ ಕೂಡ ನಕ್ಕು, ಆಮೇಲೆ ಕೇಳಿದರು: “ದಿನಾ ಎಷ್ಟು ಕುಡೀತಾರ, ಬೆಳಿಗ್ಗೆ ಕೈ ನಡಗತಾವೇನು ಅಂತ ಮೊದ್ಲ ಕೇಳಿದ್ರೇನ್ರಿ ಅಕ್ಕಾರ? ಹಂಗ ಮೈಗೆ ಹತ್ತಿದವರು ಒಮ್ಮೆಲೆ ಬಿಟ್ರ, ಎರಡನೇ ಮೂರನೇ ದಿನಾ ಬೆವರತಾರ, ಇಲ್ಲದ್ದು ಕಾಣತಾವ, ಫಿಟ್ಸ್ ಬರಬಹುದು. ನೋಡಿದವರು ಕುಡದಾನ ಅಂತಾರ. ಅಂವ ಕುಡದಿರೂದಿಲ್ಲ, ಬಿಟ್ಟಿರತಾನ. ಅಂಥವರಿಗೆ ದವಾಖಾನ್ಯಾಗ ಇಟ್ಟು ಔಷಧ ಕೊಟ್ಟ ಬಿಡಿಸಬೇಕು.”

ದಾನೇಶ್ವರಿಯ ಕಣ್ಣಿಗೆ ಗೋಡೆಯ ಇರುವೆ ಒರೆಸುತ್ತಿದ್ದ ರಾಯಪ್ಪ ಬಂದ. ಊಟದ ಹೊತ್ತಿಗೆ ನಂದಾ ಅವರ ಬಳಿ ಹೋಗಿ ಎಲ್ಲ ಹೇಳಿದಳು. “ನಿಮಗ ಗೊತ್ತಿರಲಿಲ್ಲ” ಎಂದರು ಅವರು. ಗೊತ್ತಿರಲಿಲ್ಲ, ನಿಜ. ಚಿಲಕ ಹಾಕಿದ ಕೈ ತನ್ನದೇ, ಅದೂ ನಿಜ. ತಾನು ಮಾಡಿಸಿದ ಆಣೆಗಳನ್ನು ವಾರವೂ ಕಾಯದೆ ಮುರಿದವರೆಲ್ಲ ನೆನಪಾಗಿ, ಮುರಿದದ್ದೇ ಪುಣ್ಯ ಅನ್ನಿಸಿತು.

ಎರಡನೆಯ ದಿನ ಫಯಾಜ ಮತ್ತೆ ತೂರಾಡುತ್ತ ಬಂದಾಗ ಆಕೆ ಕುರ್ಚಿ ಎಳೆದುಕೊಟ್ಟಳು. “ಕುಂದರ್ರಿ ಅಣ್ಣಾರ. ಬೆಳಿಗ್ಗೆ ಕೈ ನಡಗತಾವೇನ್ರಿ?” ಈ ಸಲ ಯಾರೂ ಚಪ್ಪಾಳೆ ತಟ್ಟಲಿಲ್ಲ.

ಅವ್ವನಿಗೆ ಹೇಳಿದರೆ ಮಗನ ಮೇಲಿನ ಕಳಂಕ ಹೋಗುತ್ತದೆ, ಮಗಳ ಮೇಲೆ ಬರುತ್ತದೆ. ತರಬೇತಿ ಮುಗಿದ ದಿನ ದಾನೇಶ್ವರಿ ಟಿಕೋಟಾ ಬಸ್ಸು ಬಿಟ್ಟು ಕಾಖಂಡಕಿ ಬಸ್ಸು ಹತ್ತಿದಳು.

ಹುಲಿಗೆವ್ವ ರೊಟ್ಟಿ ಬಡಿಯುತ್ತಿದ್ದಳು.

“ಯವ್ವಾ, ರಾಯಪ್ಪ ಆಣಿ ಮುರದಿರಲಿಲ್ಲ ಬೇ. ಒಮ್ಮೆಲೆ ಬಿಟ್ಟಿದ್ದಕ್ಕ ಸತ್ತಾನ. ಅವತ್ತ ಮುಂಜಾನೇನ ದವಾಖಾನಿಗಿ ಒಯ್ದಿದ್ರ ಉಳೀತಿದ್ದನೋ ಏನೋ. ನಾ ಚಿಲಕಾ ಹಾಕಿದೆ.”

ಬಡಿಯುವ ಸದ್ದು ನಿಂತಿತು. ಹಂಚಿನ ಮೇಲಿನ ರೊಟ್ಟಿ ಹೊತ್ತಿ ಹೊಗೆಯಾಡಿತು, ಇಬ್ಬರೂ ತಿರುವಿ ಹಾಕಲಿಲ್ಲ.

“ಹನ್ನೊಂದ ವರ್ಷ ಬೈದೆನಲ್ಲ ಅವಗ,” ಎಂದಳು ಹುಲಿಗೆವ್ವ. ಎದ್ದು ಟ್ರಂಕು ತೆರೆದು, ಸೀರೆಗಳ ಅಡಿಯಿಂದ ಫೋಟೋ ತೆಗೆದು ಸೆರಗಿನಿಂದ ಒರೆಸಿದಳು. ಮಗಳ ಮುಖ ನೋಡಲಿಲ್ಲ. ಮೊಳೆ, ಸುತ್ತಿಗೆ ತಂದು ಅವಳ ಮುಂದಿಟ್ಟಳು.

“ಮೊಳಿ ನೀನ ಹೊಡಿ.”