ಚಕ್ರದ ಮುಂದಿನ ಲಿಂಬೆಹಣ್ಣು

ಎಲ್ಲರೂ ಬಿಜಾಪುರ ಅನ್ನುತ್ತಿದ್ದ ಕಾಲ ಅದು. ವಿಜಯಪುರ ಎಂಬ ಹೆಸರು ಇನ್ನೂ ಬಸ್ಸಿನ ಬೋರ್ಡಿಗೆ ಬಂದಿರಲಿಲ್ಲ. ತಿಕೋಟಾದ ನಮ್ಮ ತೋಟದಲ್ಲಿ ಬೇಸಿಗೆ ಮೊದಲು ಗೊತ್ತಾಗುತ್ತಿದ್ದುದು ಮೂಗಿಗೆ. ದ್ರಾಕ್ಷಿ ಒಣಗಿಸುವ ಶೆಡ್ಡಿನಲ್ಲಿ ಗಂಧಕದ ಹೊಗೆ ಹಾಕುತ್ತಿದ್ದರು. ಅದರ ಘಾಟು, ಅದರ ಬೆನ್ನಿಗೇ ಹಣ್ಣಿನ ಸಿಹಿ ವಾಸನೆ. ನಿಮ್ಮಲ್ಲಿ ಯಾರಾದರೂ ಅಂಥ ಶೆಡ್ಡಿನ ಪಕ್ಕ ಬೆಳೆದಿದ್ದರೆ ಗೊತ್ತಿರುತ್ತದೆ, ಎಷ್ಟು ಒಗೆದರೂ ಅದು ಅಂಗಿ ಬಿಟ್ಟು ಹೋಗುವುದಿಲ್ಲ. ನನಗೆ ಆ ವಾಸನೆ ಬಂದರೆ ಒಂದು ಕಾರು ನೆನಪಾಗುತ್ತದೆ, ಕಾರಿನ ಹಿಂದೆ ಒಂದು ಹೆದರಿಕೆಯೂ ಬರುತ್ತದೆ. ಈಗ ಆ ಹೆದರಿಕೆ ಬೇಕು ಅನ್ನಿಸುತ್ತದೆ. ಯಾಕೆಂದು ಹೇಳುತ್ತೇನೆ.

ಕಾರು ನನ್ನ ಕಾಕಾನದು. ಕಾಕಾ ಅಂದರೆ ಅಪ್ಪನ ತಮ್ಮ ಶಿವು. ಎರಡೇ ಸೀಟು, ಮೇಲೆ ಛತ್ತಿಲ್ಲ, ಮೂತಿ ಮಾತ್ರ ಮಾರುದ್ದ. ಸೊಲ್ಲಾಪುರದ ಗುಜರಿಯವನಿಂದ ತಂದು, ಕೆಂಪು ಬಣ್ಣ ಹೊಡೆಸಿ ಓಡಿಸುತ್ತಿದ್ದ ಆ ವಿಲಾಯತಿ ರೇಸಿನ ಗಾಡಿಯನ್ನು ನೋಡಲು ಇಟ್ಟಂಗಿಹಾಳದವರೂ ರಸ್ತೆಗೆ ಬಂದು ನಿಲ್ಲುತ್ತಿದ್ದರಂತೆ. ಅವನ ವೇಗಕ್ಕೆ ಹೆದರಿ ಅಪ್ಪ ಒಂದು ದಿನ ಕೀಲಿ ಕಿತ್ತುಕೊಂಡು ತಿಜೋರಿಯಲ್ಲಿಟ್ಟ. ತಾಯಿಯನ್ನು ಅವಳ ತವರು ಮಮದಾಪುರಕ್ಕೆ ಇದರಲ್ಲೇ ಕರೆದೊಯ್ಯುತ್ತೇನೆಂದು ಮಾತು ಕೊಟ್ಟಿದ್ದೇನೆ, ಅದೊಂದು ಸಲ ಕೊಡು ಎಂದು ಕಾಕಾ ಕೇಳಿದ. ಸುಗ್ಗಿ ಮುಗಿಯಲಿ ಅಂದ ಅಪ್ಪ. ಸುಗ್ಗಿ ಮುಗಿಯುವ ಮೊದಲೇ ಕಾಮಾಲೆಯಾಗಿ ಕಾಕಾ ತೀರಿಕೊಂಡ. ಆಗ ನನಗೆ ಎರಡು ವರ್ಷ.

ಅಪ್ಪನ ತಾಯಿಯನ್ನು ನಾನು ಆಯಿ ಅನ್ನುತ್ತಿದ್ದೆ. ಆಯಿ ಕಾರನ್ನು ಮಾರಲು ಬಿಡಲಿಲ್ಲ, ರಿಪೇರಿ ಮಾಡಿಸಲೂ ಬಿಡಲಿಲ್ಲ. ಹಳೆಯ ಶೆಡ್ಡಿನೊಳಗೆ ನಿಲ್ಲಿಸಿ, ಬಾಗಿಲಿಗೆ ಬೀಗ ಹಾಕಿ, ಅದರ ಕೀಲಿಯನ್ನು ಸೊಂಟಕ್ಕೆ ಸಿಕ್ಕಿಸಿಕೊಂಡಳು. ವರ್ಷಕ್ಕೊಮ್ಮೆ, ದಸರೆಯ ಖಂಡೇ ಪೂಜೆಯ ದಿನ ಮಾತ್ರ ಬೀಗ ತೆಗೆಯುತ್ತಿದ್ದಳು. ನಮ್ಮ ಕಡೆ ಅಂದು ನೇಗಿಲು, ಕುಡುಗೋಲು, ಗಾಡಿ ಎಲ್ಲಕ್ಕೂ ಪೂಜೆ. ಗಾಡಿಯ ನಾಲ್ಕೂ ಚಕ್ರದ ಮುಂದೆ ಒಂದೊಂದು ಲಿಂಬೆಹಣ್ಣಿಟ್ಟು, ಅದನ್ನು ಒಡೆಯುವಂತೆ ಗಾಡಿ ಹಾಯಿಸಬೇಕು. ಟ್ರ್ಯಾಕ್ಟರಿನ ಲಿಂಬೆ ಅಪ್ಪ ಅಂದೇ ಒಡೆಸುತ್ತಿದ್ದ. ಕಾಕಾನ ಕಾರಿಗೆ ಆಯಿ ಒಬ್ಬಳೇ ಹೋಗಿ ಲಿಂಬೆ ಇಟ್ಟು ಬೀಗ ಜಡಿದು ಬರುತ್ತಿದ್ದಳು. ಮರುದಿನ ಬೆಳಿಗ್ಗೆ ಹೋಗಿ ಇಣುಕಿ ಬರುವಳು. ಆ ಒಂದು ದಿನ ಅವಳು ಎರಡು ರೊಟ್ಟಿ ಹೆಚ್ಚಿಗೆ ಉಣ್ಣುತ್ತಿದ್ದಳು.

ನನಗೆ ಹತ್ತು ವರ್ಷವಾದ ಬೇಸಿಗೆಯಲ್ಲಿ ಆಯಿಯ ಕಣ್ಣಿಗೆ ಪೂರಾ ಮಂಜು ಕವಿಯಿತು. ಡಾಕ್ಟರರು ಇನ್ನು ತಮ್ಮ ಕೈಯಲ್ಲಿಲ್ಲ ಅಂದಿದ್ದರು. ಒಂದು ಮಧ್ಯಾಹ್ನ ಊಟಕ್ಕೆ ಕುಳಿತಾಗ ಅವಳು ತಟ್ಟೆ ಸರಿಸಿ ಅಪ್ಪನ ಕಡೆ ತಿರುಗಿದಳು.

“ಬಸು, ಆ ಗಾಡಿ ಚಾಲೂ ಮಾಡಸು. ಎಷ್ಟ ವರ್ಸ ಅಂತ ಅವನ್ನ ಅಲ್ಲೇ ಕುಂದರಸ್ಲಿ?”

ಅಪ್ಪನ ಕೈಯ ತುತ್ತು ಅಲ್ಲೇ ನಿಂತಿತು. ಯಾರನ್ನ ಎಂದು ಅವನು ಕೇಳಲಿಲ್ಲ. ಮಾರನೆಯ ದಿನವೇ ಬಿಜಾಪುರಕ್ಕೆ ಹೋಗಿ ಪರಸು ಮಿಸ್ತ್ರಿಯನ್ನು ಕರೆತಂದ.

ಪರಸು ಮಿಸ್ತ್ರಿ ಹಳೆಯ ಗಾಡಿಗಳ ಪೈಲ್ವಾನ. ಅವನ ಗ್ಯಾರೇಜಿನ ಗೋಡೆಯ ಮೇಲೆ ಬುದ್ಧನ ಫೋಟೋ ಒಂದೇ ಇತ್ತು. ಲಿಂಬೆ, ಮೆಣಸಿನಕಾಯಿ ಯಾವುದನ್ನೂ ಅವನು ಬಾಗಿಲಿಗೆ ಕಟ್ಟಿದವನಲ್ಲ. ಪೇಚಕಸದ, ಅಂದರೆ ಸ್ಕ್ರೂಡ್ರೈವರಿನ, ತುದಿಯನ್ನು ಇಂಜಿನ್ನಿಗೆ ಹಚ್ಚಿ, ಹಿಡಿಕೆಯನ್ನು ಕಿವಿಗೆ ಒತ್ತಿಕೊಂಡು ರೋಗ ಹೇಳುವ ಮನುಷ್ಯ. ಬಂದವನೇ ಕಾರಿನ ಸುತ್ತ ಒಂದು ಸುತ್ತು ಹಾಕಿ, ಚಕ್ರಕ್ಕೆ ಭುಜ ಕೊಟ್ಟು ನೂಕಿ ನೋಡಿದ. ಬ್ರೇಕು ತುಕ್ಕು ಹಿಡಿದು ನಾಲ್ಕೂ ಚಕ್ರ ಜಾಮ್ ಆಗಿದ್ದವು. ಅಪ್ಪ, ಮಿಸ್ತ್ರಿ, ಇಬ್ಬರು ಆಳು ಸೇರಿ ನೂಕಿದರೂ ಕಾರು ಒಂದು ಬೆರಳಗಲವೂ ಜರುಗಲಿಲ್ಲ. ಆಮೇಲೆ ಮಿಸ್ತ್ರಿ ನೆಲಕ್ಕೆ ಬಗ್ಗಿದ. ಬಗ್ಗಿದವನು ಬಹಳ ಹೊತ್ತು ಏಳಲಿಲ್ಲ.

ಪ್ರತಿ ಚಕ್ರದ ಮುಂದೆ ಎಂಟೆಂಟು ಲಿಂಬೆಹಣ್ಣು ಬಿದ್ದಿದ್ದವು. ಎಂಟು ವರ್ಷದವು. ಒಣಗಿ ಕರ್ರಗಾಗಿದ್ದವು. ಎಲ್ಲವೂ ಚಪ್ಪಟೆಯಾಗಿದ್ದವು, ಒಂದೊಂದರ ಮೇಲೂ ಟೈರಿನ ಗೆರೆ ಮೂಡಿತ್ತು.

ಗಾಳಿ ಇಳಿದು ಟೈರು ಕೂತಿರಬೇಕು, ಹಣ್ಣು ಅದರ ಅಡಿಗೆ ಸಿಕ್ಕಿರಬೇಕು ಅಂದ ಅಪ್ಪ. ಮಿಸ್ತ್ರಿ ಕೈ ಒರೆಸಿಕೊಂಡ.

“ಗಾಳಿ ಒಮ್ಮೆ ಇಳೀತೈತ್ರಿ, ಬಸಣ್ಣಾರ. ಎಂಟ ಸರ್ತಿ ಇಳಿಯಂಗಿಲ್ಲ.”

ಆಯಿ ಬಾಗಿಲಲ್ಲಿ ನಿಂತು ಎಲ್ಲ ಕೇಳಿಸಿಕೊಂಡಳು. ಅವಳ ಮುಖದಲ್ಲಿ ಆಶ್ಚರ್ಯವೇನೂ ಇರಲಿಲ್ಲ.

ಕೆಲಸ ತಿಂಗಳುಗಟ್ಟಲೆ ನಡೆಯಿತು. ಇಂಜಿನ್ನಿನೊಳಗೆ ಎಣ್ಣೆ ಸುರಿದು ಎಂಟು ದಿನ ನೆನೆಯಲು ಬಿಟ್ಟರು. ಹೊಗೆ ಕೊಳವೆಯಲ್ಲಿ ಕಣಜದ ಹುಳ ಮಣ್ಣಿನ ಮನೆ ಕಟ್ಟಿತ್ತು. ಪೆಟ್ರೋಲ್ ಟಾಕಿಯೊಳಗೆ ಸಣ್ಣ ಹರಳು, ಸೀಮೆಎಣ್ಣೆ ಹಾಕಿ ಇಬ್ಬರು ಹಿಡಿದು ಅಲುಗಾಡಿಸಿದರೆ ತುಕ್ಕು ಕೆಂಪು ನೀರಾಗಿ ಬರುತ್ತಿತ್ತು. ಸಿಗದ ಸಾಮಾನುಗಳನ್ನು ಮಿಸ್ತ್ರಿ ಬಿಜಾಪುರದ ಲೇಥಿನಲ್ಲಿ ಮಾಡಿಸಿಕೊಂಡು ಬರುತ್ತಿದ್ದ. ಬಿಸಿಲು ಏರಿ ಎಲ್ಲರೂ ಬೇವಿನ ನೆರಳಿಗೆ ಮಲಗಿದಾಗ ನಾನು ಕಿಸೆ ತುಂಬ ಒಣದ್ರಾಕ್ಷಿ ತುಂಬಿಕೊಂಡು ಆ ಸೀಟಿಗೆ ಏರುತ್ತಿದ್ದೆ. ಬಾಯಲ್ಲೇ ಗುರ್ ಅನ್ನಿಸಿ ಬಬಲೇಶ್ವರ ದಾಟಿಸಿ ಮಮದಾಪುರದ ಕೆರೆ ಮುಟ್ಟಿಸುವುದು ನನ್ನ ಆಟ.

ಕಾರಿನ ಕನ್ನಡಿಯ ವಿಷಯ ಹೇಳಬೇಕು. ಹಿಂದಿನ ರಸ್ತೆ ನೋಡುವ ಆ ಕನ್ನಡಿ ಒಂದು ದಿನ ಪಕ್ಕದ ಸೀಟಿನ ಕಡೆ ತಿರುಗಿತ್ತು. ಮಿಸ್ತ್ರಿ ನನ್ನ ಕಿವಿ ಹಿಂಡಿದ, ಕನ್ನಡಿ ನೆಟ್ಟಗೆ ಮಾಡಿದ. ಮರುದಿನ ಮತ್ತೆ ತಿರುಗಿತ್ತು. ಅವನು ತಿರುಪು ಬಿಗಿ ಮಾಡಿದ, ಕೊನೆಗೆ ಶೆಡ್ಡಿಗೆ ಬೀಗ ಹಾಕಿಸಿದ. ಬೆಳಿಗ್ಗೆ ನಾವಿಬ್ಬರೂ ಕೂಡಿಯೇ ಬಾಗಿಲು ತೆಗೆದೆವು. ಕನ್ನಡಿ ಪಕ್ಕದ ಸೀಟನ್ನು ನೋಡುತ್ತಿತ್ತು, ಓಡಿಸುವವನು ಪಕ್ಕದಲ್ಲಿ ಕುಳಿತವರ ಮುಖ ಕಾಣಲೆಂದು ಇಟ್ಟುಕೊಂಡ ಹಾಗೆ. ಮಿಸ್ತ್ರಿ ನನ್ನ ಮುಖ ನೋಡಿದ, ನಾನು ಅವನ ಮುಖ ನೋಡಿದೆ. ಅಂದಿನಿಂದ ಅವನು ಕನ್ನಡಿ ಮುಟ್ಟಲಿಲ್ಲ, ನಾನು ಒಬ್ಬಳೇ ಕಾರು ಹತ್ತಲಿಲ್ಲ. ಮೊದಲ ದಿನ ತಿರುಗಿಸಿದ್ದು ನಾನೇ. ಆಮೇಲಿನದು ನಾನಲ್ಲ.

ಇಂಜಿನ್ ಚಾಲೂ ಆದ ದಿನ ಶೆಡ್ಡಿನ ತುಂಬ ಬಿಳಿ ಹೊಗೆ ಎದ್ದಿತು, ಮೇಲಿನ ಪಾರಿವಾಳಗಳೆಲ್ಲ ಹಾರಿ ಹೋದವು. ನಾಲ್ಕು ದಿನದ ನಂತರ ಬೆಳಿಗ್ಗೆ ಮಮದಾಪುರಕ್ಕೆ ಹೊರಟೆವು. ನನ್ನ ಅವ್ವ ಗರಿಗರಿ ಕಟಕ ರೊಟ್ಟಿ, ಶೇಂಗಾ ಹಿಂಡಿ, ಮೊಸರು ಬುತ್ತಿ ಕಟ್ಟಿ ಕೊಟ್ಟಳು. ಅಪ್ಪ ಓಡಿಸಲು ಕುಳಿತ, ಪಕ್ಕದಲ್ಲಿ ಇಳಕಲ್ಲ ಸೀರೆ ಉಟ್ಟ ಆಯಿ, ಇಬ್ಬರ ನಡುವೆ ಕಾಲು ಮಡಚಿಕೊಂಡು ನಾನು. ಅಪ್ಪ ಬಹಳ ನಿಧಾನ ಓಡಿಸಿದ. ಎತ್ತಿನ ಗಾಡಿಯವನೊಬ್ಬ ತನಗೆ ಜಾಗ ಬಿಡಿರೆಂದು ನಕ್ಕ.

ಬಬಲೇಶ್ವರ ದಾಟಿದ ಮೇಲೆ ರಸ್ತೆ ಖಾಲಿಯಾಯಿತು. ಎರಡೂ ಕಡೆ ಉತ್ತ ಕರಿಯ ಹೊಲ, ಮಧ್ಯ ನಾವು. ಕಾರು ತಾನಾಗಿಯೇ ಹುರುಪಾದಂತೆ ಓಡತೊಡಗಿತು. ಅಪ್ಪ ಸ್ಟೇರಿಂಗನ್ನು ಎರಡೂ ಕೈಯಲ್ಲಿ ಬಿಗಿಹಿಡಿದ. ಆಯಿ ಗಾಳಿಗೆ ಮುಖ ಒಡ್ಡಿ ಹೇಳಿದಳು, “ಶಿವೂ, ಸಾವಕಾಶ ಹೊಡಿಯಪ್ಪಾ.”

“ಹೂಂ ಬೇ,” ಎಂಬ ಉತ್ತರ ಬಂತು.

ಗಾಳಿಗೆ ತಲೆ ತಗ್ಗಿಸಿದ್ದ ನಾನು ಯಾರೆಂದು ನೋಡಲಿಲ್ಲ. ಅಪ್ಪ ಆಯಿಗೆ ಯವ್ವಾ ಅನ್ನುತ್ತಿದ್ದವನು, ಒಮ್ಮೆಯೂ ಸಲಿಗೆಯ ಬೇ ಅಂದವನಲ್ಲ. ತಾಯಿಯ ಸಮಾಧಾನಕ್ಕೆ ಕಾಕಾನ ಹಾಗೆ ಅಂದಿರಬೇಕು ಎಂದುಕೊಂಡೆ. ಕಾರಿನ ವೇಗ ಮಾತ್ರ ಇಳಿಯಿತು. ತಲೆ ಎತ್ತಿದಾಗ ಕನ್ನಡಿಯಲ್ಲಿ ಆಯಿಯ ಮುಖ ನಗುತ್ತಿತ್ತು.

ಮಮದಾಪುರದ ಕೆರೆಯ ಏರಿಯ ಮೇಲೆ ಇಳಿದೆವು. ಆಯಿ ನೀರಿನ ಸಪ್ಪಳ ಕೇಳುತ್ತ ಕುಳಿತಳು, ರೊಟ್ಟಿ ಮುರಿದು ನನ್ನ ಕೈಗಿಟ್ಟಳು. ಅಪ್ಪ ಕಾರಿನ ಕೀಲಿ ತೆಗೆದು ಅವಳ ಅಂಗೈಯಲ್ಲಿ ಇಟ್ಟ. ಅಪ್ಪ ಅಳುವುದನ್ನು ನಾನು ನೋಡಿದ್ದು ಆಗ ಮೊದಲು.

“ಇದನ್ನ ಅವತ್ತ ಕೊಡಬೇಕಾಗಿತ್ತ ಯವ್ವಾ.”

“ಇವತ್ತ ಕೊಟ್ಟಿಯಲ್ಲ,” ಅಂದಳು ಆಯಿ. ಬಹಳ ಹೊತ್ತು ಅವನ ಬೆನ್ನ ಮೇಲೆ ಕೈ ಆಡಿಸಿದಳು.

ಅದೇ ದಸರೆಗೆ ಆಯಿ ಹಿಂದಿನಂತೆಯೇ ನಾಲ್ಕು ಲಿಂಬೆ ಇಟ್ಟು, ಗಾಡಿ ಹಾಯಿಸಬೇಡಿರೆಂದು ಹೇಳಿ ಬೀಗ ಹಾಕಿದಳು. ಬೆಳಿಗ್ಗೆ ನನ್ನ ಕೈ ಹಿಡಿದು ಒಳಗೆ ಹೋಗಿ, ಕುಳಿತು, ಒಂದೊಂದೇ ಚಕ್ರದ ಮುಂದೆ ಬೆರಳಾಡಿಸಿದಳು. ನಾಲ್ಕೂ ಹಣ್ಣು ದುಂಡಗೆ ಇದ್ದವು. ಕನ್ನಡಿ ಹಿಂದಿನ ಗೋಡೆಯ ಕಡೆ ನೆಟ್ಟಗಿತ್ತು. ಅವಳು ಎದೆ ಬಡಿದುಕೊಳ್ಳಲಿಲ್ಲ. ಸೆರಗಿನಿಂದ ಮೂಗು ಒರೆಸಿಕೊಂಡು, “ಹ್ವಾದ,” ಅಂದಳು. ಗಾಡಿ ನಡೆದರೆ ಅವನು ಹೋಗುತ್ತಾನೆಂದು ಅವಳಿಗೆ ಮೊದಲಿನಿಂದಲೂ ಗೊತ್ತಿತ್ತು. ಎಂಟು ವರ್ಷ ರಿಪೇರಿಗೆ ಬಿಡದೆ ಹಟ ಹಿಡಿದದ್ದು ಅದಕ್ಕೇ ಎಂದು ನನಗೆ ಅಂದು ತಿಳಿಯಿತು. ಅಪ್ಪನನ್ನು ಕರೆದು, ಇನ್ನು ನೀನೇ ಹಾಯಿಸು ಅಂದಳು. ಅಪ್ಪ ಹಾಯಿಸಿದ. ಲಿಂಬೆ ಒಡೆದ ವಾಸನೆ ಬಂತು. ಅಂದು ಆಯಿ ಅರ್ಧ ರೊಟ್ಟಿಗೇ ಎದ್ದಳು.

ಆಯಿ ಹೋಗಿ ಎಷ್ಟೋ ವರ್ಷದ ಮೇಲೆ ಅಪ್ಪನನ್ನು ಕೇಳಿದೆ, ಅಂದು ಹೊಲದ ರಸ್ತೆಯಲ್ಲಿ ಹೂಂ ಅಂದದ್ದೇಕೆ ಎಂದು. ಅಪ್ಪ ಚಹಾದ ಕಪ್ಪು ಕೆಳಗಿಟ್ಟ.

“ನಾ ಅಂದಿಲ್ಲ. ನೀ ಅಂದಿ ಅಂತ ತಿಳದಿದ್ನೆಲ್ಲ ನಾ.”

ಈಗ ಅಪ್ಪನೂ ಇಲ್ಲ. ಆ ತೋಟದಲ್ಲಿ ಬೇರೆಯವರ ದ್ರಾಕ್ಷಿ ಒಣಗುತ್ತದೆ. ಕಾರು ವಿಜಯಪುರದ ನನ್ನ ಮನೆಯ ಮುಂದಿದೆ. ಒಂದೇ ಸಲ ಕೀಲಿ ತಿರುಗಿಸಿದರೆ ಚಾಲೂ ಆಗುತ್ತದೆ, ಹೇಳಿದ ಕಡೆ ನಿಲ್ಲುತ್ತದೆ, ನೋಡಿದವರೆಲ್ಲ ಫೋಟೋ ತೆಗೆಸಿಕೊಳ್ಳುತ್ತಾರೆ. ಚೊಕ್ಕ ಗಾಡಿ, ಅಷ್ಟೇ. ಖಂಡೇ ಪೂಜೆಯ ಸಂಜೆ ನಾಲ್ಕು ಲಿಂಬೆ ಇಟ್ಟು, ಮಕ್ಕಳು ಎಷ್ಟು ಅವಸರ ಮಾಡಿದರೂ ಗಾಡಿಯನ್ನು ಬೆಳಗಿನವರೆಗೆ ಹಾಗೆಯೇ ಬಿಡುತ್ತೇನೆ. ಒಳಗೆ ಹೋಗುವ ಮೊದಲು ಕನ್ನಡಿಯನ್ನು ಪಕ್ಕದ ಸೀಟಿನ ಕಡೆ ತಿರುಗಿಸುತ್ತೇನೆ, ನೋಡುವವರು ಯಾರಾದರೂ ಬಂದರೆ ಕಷ್ಟವಾಗಬಾರದೆಂದು. ಬೆಳಿಗ್ಗೆ ಬಾಗಿಲು ತೆಗೆದಾಗ ಹಣ್ಣು ದುಂಡಗಿರುತ್ತವೆ. ಕನ್ನಡಿ ನಾನು ಬಿಟ್ಟಲ್ಲಿಯೇ ಇರುತ್ತದೆ.