ಬಾಳೆನಾರಿನ ಲೆಕ್ಕ

ಆ ಹುಡುಗಿ ಪಾಸಾಗಲಿಲ್ಲ. ಪಾಸಾದಳು ಎಂದು ಹನ್ನೊಂದು ವರ್ಷದಿಂದ ಹೇಳಿಕೊಂಡು ಬಂದಿದ್ದೇನೆ — ತರಬೇತಿಗೆ ಬಂದ ಮೇಷ್ಟರುಗಳ ಮುಂದೆ, ನೆಂಟರ ಮದುವೆಮನೆಗಳಲ್ಲಿ, ನನ್ನ ಹೆಂಡತಿಯ ಮುಂದೆಯೂ. ಸುಳ್ಳು. ನನ್ನ ಭಾಷಣ ಕೇಳಿದವರು ಯಾರಾದರೂ ಇದನ್ನು ಓದುತ್ತಿದ್ದರೆ ದಯವಿಟ್ಟು ತಿದ್ದಿಕೊಳ್ಳಿ. ಅವಳು ನಪಾಸಾದಳು, ಮಾಡಿದವನು ನಾನು.

ಜಯನಗರ ಆಗ ಅರ್ಧ ಹೊಲ, ಅರ್ಧ ಸೈಟು. ನಮ್ಮ ಮಾಧ್ಯಮಿಕ ಶಾಲೆಗೆ ಎರಡು ಥರದ ಮಕ್ಕಳು ಬರುತ್ತಿದ್ದರು. ಹೊಸ ಮನೆಗಳ ಗುಮಾಸ್ತರ, ಅಧಿಕಾರಿಗಳ ಮಕ್ಕಳು ಮುಂದಿನ ಬೆಂಚು. ಸಾರಕ್ಕಿ, ಯಡಿಯೂರು ಕಡೆಯಿಂದ ಬದುವಿನ ಮೇಲೆ ನಡೆದು ಬರುವ ರೈತರ ಮಕ್ಕಳು ಹಿಂದಿನ ಬೆಂಚು. ನಾನು ಗಣಿತದ ಮೇಷ್ಟ್ರು. ಕೈಯಲ್ಲಿ ಬೆತ್ತ, ಬಾಯಲ್ಲಿ ಮಗ್ಗಿ, ಅಷ್ಟೇ ನನ್ನ ವಿದ್ಯೆ. ಭಿನ್ನರಾಶಿ ಶುರುವಾಯಿತೆಂದರೆ ಹಿಂದಿನ ಬೆಂಚಿನವರು ತಲೆ ತಗ್ಗಿಸುತ್ತಿದ್ದರು, ನಾನು ಬೆತ್ತ ಎತ್ತುತ್ತಿದ್ದೆ. ಇದು ವರ್ಷಾನುಗಟ್ಟಲೆ ನಡೆದಿತ್ತು.

ಒಂದು ದಿನ ಎಂಟನೇ ತರಗತಿಯಲ್ಲಿ ಕೇಳಿದೆ — ಮುಕ್ಕಾಲರಲ್ಲಿ ಅರ್ಧ ಎಷ್ಟು? ಹಿಂದಿನಿಂದ ಒಂದು ದನಿ ಬಂತು: "ಮೂರು ಗೇಣು."

ಇಡೀ ತರಗತಿ ಘೊಳ್ಳೆಂದು ನಕ್ಕಿತು. ಸಾರಕ್ಕಿಯ ಹೂತೋಟದ ಮುನಿಶಾಮಪ್ಪನ ಮಗಳು, ಅಕ್ಕಯಮ್ಮ. ಬೆತ್ತ ಹಿಡಿದು ಹತ್ತಿರ ಹೋದರೆ ಬೆಂಚಿನ ಕೆಳಗೆ ಅವಳ ಕೈಯಲ್ಲಿ ಹೂ ಕಟ್ಟುವ ಬಾಳೆನಾರು, ಮಡಿಕೆ ಮಡಿಕೆಯಾಗಿ. ಹೆದರಿಕೊಂಡೇ ಹೇಳಿದಳು: "ಒಂದು ಮಾರಂದ್ರೆ ಎಂಟು ಗೇಣು ಮೇಷ್ಟ್ರೇ. ಮುಕ್ಕಾಲು ಮಾರು ಆರು ಗೇಣಾಯ್ತು. ಅದ್ರಲ್ಲಿ ಅರ್ಧ ಮೂರು."

ಎಂಟರಲ್ಲಿ ಮೂರು. ಉತ್ತರ ಸರಿ! ಮನೆಯಲ್ಲಿ ದಿನಾ ಹೂವಿನ ಮಾಲೆ ಅಳೆದು ಅಳೆದು ಅವಳಿಗೆ ಭಿನ್ನರಾಶಿ ಬೆರಳಲ್ಲೇ ಬಂದುಬಿಟ್ಟಿತ್ತು. ನಾನು ಬೆತ್ತ ಕೆಳಗಿಳಿಸಿದೆ.

ಅಲ್ಲಿಂದ ನನ್ನ ಪಾಠವೇ ಬೇರೆಯಾಯಿತು. ಹಿಂದಿನ ಬೆಂಚಿಗೆಲ್ಲ ಒಂದೊಂದು ನಾರು ಹಂಚಿದೆ. ಗುಮಾಸ್ತರ ಮಗಳು ಶ್ಯಾಮಲಾ ವಾದ ಮಾಡದೆ ಏನನ್ನೂ ಒಪ್ಪುವವಳಲ್ಲ. ಅವಳಿಗಾಗಿ ಬೋರ್ಡಿನ ಮೇಲೆ ಬೇಕೆಂದೇ ತಪ್ಪು ಬರೆದು, ಹಿಡಿಯಮ್ಮ ನೋಡೋಣ ಎನ್ನುತ್ತಿದ್ದೆ. ಬಾಯಿ ಬಿಡಲು ನಾಚುವವರಿಗೆ ಚೀಟಿಯಲ್ಲಿ ಬರೆದು ಕೊಡಲು ಹೇಳಿದೆ. ನಾರು ಹಿಡಿದವರನ್ನು ಒಂದೆರಡು ತಿಂಗಳಲ್ಲಿ ಮೆಲ್ಲಗೆ ಕಾಗದಕ್ಕೆ ದಾಟಿಸಿದೆ. ಮಕ್ಕಳು ಗಂಟೆ ಹೊಡೆದರೂ ಏಳುತ್ತಿರಲಿಲ್ಲ. ಆ ದಿನಗಳು ನಿಜವಾಗಿಯೂ ಚೆನ್ನಾಗಿದ್ದವು, ಅದನ್ನು ಹೇಳಲು ನನಗೆ ನಾಚಿಕೆಯಿಲ್ಲ.

ಎಲ್ಲರನ್ನೂ ದಾಟಿಸಿದೆ — ಒಬ್ಬಳನ್ನು ಬಿಟ್ಟು.

ಯಾಕೆಂದರೆ ಅಷ್ಟರಲ್ಲಿ ಇನ್‌ಸ್ಪೆಕ್ಟರು ತಪಾಸಣೆಗೆ ಬಂದಿದ್ದರು. ಅಕ್ಕಯಮ್ಮನನ್ನು ನಿಲ್ಲಿಸಿ ನಾರು ಹಿಡಿಸಿದೆ. ಅವರು ಕೇಳಿದ್ದಕ್ಕೆಲ್ಲ ಪಟಪಟನೆ ಉತ್ತರ. "ಭೇಷ್ ಮೇಷ್ಟ್ರೇ! ಒಂದೊಂದು ಮಗೂಗೆ ಒಂದೊಂದು ದಾರಿ!" ಎಂದು ಕೈ ಕುಲುಕಿದರು. ಆಮೇಲೆ ವಿಲ್ಸನ್ ಗಾರ್ಡನ್ನಿನಿಂದ, ಬಸವನಗುಡಿಯಿಂದ ಮೇಷ್ಟರುಗಳು ನನ್ನ ಪಾಠ ನೋಡಲು ಬರತೊಡಗಿದರು. ಪ್ರತಿಸಲವೂ ನಾನು "ಬಾರಮ್ಮ, ನಾರು ತಗೊಂಡ್ ಬಾ" ಎನ್ನುವುದು, ಅವಳು ಎದ್ದು ಬರುವುದು.

ಸಂಕ್ರಾಂತಿ ಕಳೆದ ಮೇಲೆ ಒಂದು ಮಧ್ಯಾಹ್ನ ಅವಳೇ ಬಂದಳು. "ಮೇಷ್ಟ್ರೇ, ನಂಗೂ ಶ್ಯಾಮಲಾ ಥರ ಕಾಗದದ ಮೇಲೆ ಮಾಡೋದು ಹೇಳ್ಕೊಡಿ. ಎಂಟನೇ ಕ್ಲಾಸ್ ಪಬ್ಲಿಕ್ ಪರೀಕ್ಷೇಲಿ ನಾರು ಬಿಡಲ್ವಂತೆ."

"ನಿಂಗ್ಯಾಕಮ್ಮ ಅದು? ನಿನ್ನ ದಾರಿ ನಿಂಗೆ ಚೆಂದ" ಎಂದೆ.

ಬಾಯಿತಪ್ಪಿ ಬಂದ ಮಾತಲ್ಲ. ಮುಂದಿನ ವಾರ ಇನ್ನೊಂದು ತಂಡ ಬರುವುದಿತ್ತು. ಇವಳೂ ಎಲ್ಲರ ಹಾಗೆ ಕಾಗದದ ಮೇಲೆ ಮಾಡಿಬಿಟ್ಟರೆ ನಾನು ತೋರಿಸುವುದೇನು? — ಸೀಮೆಸುಣ್ಣ ಹಿಡಿದು ನಿಂತು ನಾನು ಇದನ್ನೇ ಯೋಚಿಸಿದೆ, ಚೆನ್ನಾಗಿ ನೆನಪಿದೆ. ಹದಿನೈದು ದಿನ ಹೇಳಿಕೊಟ್ಟಿದ್ದರೆ ಸಾಕಿತ್ತು. ಅವಳು ಇನ್ನೂ ಎರಡು ಸಲ ಕೇಳಿದಳು. ಆಮೇಲೆ ಕೇಳುವುದನ್ನು ಬಿಟ್ಟಳು.

ಪರೀಕ್ಷೆಯ ದಿನ ಲಂಗಕ್ಕೆ ಸಿಕ್ಕಿಸಿಕೊಂಡಿದ್ದ ನಾರನ್ನು ಬಾಗಿಲಲ್ಲೇ ಕಿತ್ತುಕೊಂಡರಂತೆ. ಹೊರಗೆ ಬಂದವಳು ನನ್ನನ್ನು ಹುಡುಕಿಕೊಂಡು ಬಂದಳು. "ಗೇಣು ಅಂತಾನೇ ಬರ್ದೆ ಮೇಷ್ಟ್ರೇ. ಮಾರ್ಕ್ಸ್ ಕೊಡ್ತಾರಾ?"

"ಕೊಡ್ತಾರೆ ಹೋಗಮ್ಮ."

ಕೊಡಲಿಲ್ಲ. ಫಲಿತಾಂಶ ಬಂದ ವಾರ ಮುನಿಶಾಮಪ್ಪ ನಮ್ಮ ಮನೆಗೆ ಬಂದ. ಬಾಳೆಲೆಯಲ್ಲಿ ಕನಕಾಂಬರ ಕಟ್ಟಿ ತಂದಿದ್ದ. ಕೂರು ಎಂದರೂ ಕೂರಲಿಲ್ಲ. "ಇನ್ನೊಂದ್ ಸಲ ಪರೀಕ್ಷೆಗೆ ಕಟ್ತೀನಿ ಅಂತ ಮಗು ಹಟ ಮಾಡ್ತೈತೆ ಮೇಷ್ಟ್ರೇ. ನೀವು ಹೂಂ ಅಂದ್ರೆ ಓದಿಸ್ತೀನಿ. ಇಲ್ಲಾಂದ್ರೆ ಗಂಡು ನೋಡ್ತೀನಿ."

ಹೂಂ ಎನ್ನಬೇಕಿತ್ತು. ಒಂದು ಅಕ್ಷರ. ಆದರೆ ಅವಳು ಮತ್ತೆ ಬಂದು ಕೂತರೆ, ಯಾರಾದರೂ ಕೇಳಿದರೆ — ಇಷ್ಟು ಜಾಣೆಗೆ ಕಾಗದದ ಲೆಕ್ಕ ಯಾಕೆ ಬರುವುದಿಲ್ಲ, ಇವಳ ಮೇಷ್ಟ್ರು ಯಾರು ಎಂದು… ಕುಣಿಯಲಾರದವಳು ನೆಲ ಡೊಂಕು ಎಂದಳಂತೆ. ನಾನೂ ಅದನ್ನೇ ಮಾಡಿದೆ.

"ಅವಳ ತಲೆಗೆ ಹತ್ತಲ್ಲ ಮುನಿಶಾಮಪ್ಪ. ಸುಮ್ನೆ ಯಾಕೆ ಒದ್ದಾಡಿಸ್ತೀಯ?"

"ನೀವು ಹೇಳಿದ್ಮೇಲೆ ಮುಗೀತು ಬಿಡಿ" ಎಂದು ಕೈ ಮುಗಿದು ಹೋದ. ಆ ಹೂವನ್ನು ನನ್ನ ಹೆಂಡತಿ ದೇವರಿಗೆ ಮುಡಿಸಿದಳು.

ನನಗೆ ಮಾತ್ರ ಒಳ್ಳೆಯದೇ ಆಯಿತು. ತರಬೇತಿ ಶಿಬಿರಗಳಿಗೆ ಕರೆ ಬಂತು. ಪ್ರತಿ ಭಾಷಣದಲ್ಲೂ ಬಾಳೆನಾರಿನ ಹುಡುಗಿಯ ಕಥೆ ಹೇಳುತ್ತಿದ್ದೆ. ಕಳೆದ ತಿಂಗಳೂ ಒಬ್ಬ ಎಳೆಯ ಶಿಕ್ಷಕಿ ಎದ್ದು ಕೇಳಿದಳು, "ಆ ಹುಡುಗಿ ಏನಾದ್ಲು ಸಾರ್?" ಪಾಸಾದಳಮ್ಮ, ಚೆನ್ನಾಗಿದ್ದಾಳೆ ಎಂದೆ. ಎಲ್ಲರೂ ಚಪ್ಪಾಳೆ ತಟ್ಟಿದರು.

ಏನಾದಳೆಂದು ನನಗೆ ಗೊತ್ತಿತ್ತು. ಶುಕ್ರವಾರ ಶುಕ್ರವಾರ ನಮ್ಮ ಮನೆಯ ಹತ್ತಿರದ ದೇವಸ್ಥಾನದ ಮುಂದೆ ಹೂವಿನ ಬುಟ್ಟಿ ಇಟ್ಟುಕೊಂಡು ಕೂರುತ್ತಾಳೆ. ನಾನು ರಸ್ತೆಯ ಆ ಕಡೆ ಹಿಡಿದು ಹೋಗುತ್ತಿದ್ದೆ. ಹೋದ ಶುಕ್ರವಾರ ಹೆಂಡತಿ ಜೊತೆಗಿದ್ದಳು, ನೇರವಾಗಿ ಆ ಬುಟ್ಟಿಯ ಮುಂದೆಯೇ ಹೋಗಿ ನಿಂತಳು.

ಅಕ್ಕಯಮ್ಮ ಎದ್ದು ನಿಂತಳು. ಎರಡು ಮೊಳ ಅಳೆದು, ಕೊಸರೆಂದು ಇನ್ನೊಂದು ಗೇಣು ಸೇರಿಸಿದಳು. ಪಕ್ಕದಲ್ಲಿ ಐದಾರು ವರ್ಷದ ಮಗಳು ನಾರು ಸಿಗಿಯುತ್ತ ಕೂತಿದ್ದಳು.

"ದೊಡ್ಡೋಳಾದ್ಮೇಲೆ ಇವಳನ್ನ ನಿಮ್ ಸ್ಕೂಲಿಗೇ ಹಾಕ್ತೀನಿ ಮೇಷ್ಟ್ರೇ" ಎಂದಳು. ನನ್ನ ಹೆಂಡತಿಯ ಕಡೆ ತಿರುಗಿ, "ಎಷ್ಟ್ ಚೆನ್ನಾಗಿ ಹೇಳ್ಕೊಡೋರು ಗೊತ್ತಾ ಅಮ್ಮ? ನಂಗೇ ತಲೆ ಇರ್ಲಿಲ್ಲ" ಎಂದು ನಕ್ಕಳು.

ನಾನು ಅವಳ ಅಪ್ಪನಿಗೆ ಹೇಳಿದ ಮಾತು. ಅವನು ಅದನ್ನು ಮನೆಗೆ ಒಯ್ದು ಮಗಳಿಗೆ ಕೊಟ್ಟಿದ್ದಾನೆ, ಅವಳು ಇಷ್ಟು ವರ್ಷ ಅದನ್ನು ನಂಬಿಕೊಂಡಿದ್ದಾಳೆ. ಅಲ್ಲೇ ಹೇಳಬೇಕಿತ್ತು. "ಹಾಕು, ಹಾಕು" ಎಂದಷ್ಟೇ ಹೇಳಿ ಹೂ ತೆಗೆದುಕೊಂಡು ಬಂದೆ. ಥೂ!

ಇಲ್ಲಿಯವರೆಗೆ ಬರೆದದ್ದನ್ನು ಮೊದಲು ಹೆಂಡತಿಗೆ ಕೊಟ್ಟೆ. ಓದಿ, ಮಡಿಸಿಟ್ಟು, ಒಳಗೆ ಹೋದಳು. ಎರಡು ದಿನವಾಯಿತು, ಇನ್ನೂ ಸರಿಯಾಗಿ ಮಾತಾಡುತ್ತಿಲ್ಲ. ನಾಳೆ ಶುಕ್ರವಾರ, ಒಂದು ಪ್ರತಿಯನ್ನು ಅಕ್ಕಯಮ್ಮನ ಕೈಗೇ ಕೊಡುತ್ತೇನೆ. ಅವಳಿಗೆ ಓದಲು ಬರುತ್ತದೆ.

ಅಕ್ಕಯಮ್ಮ, ನಿನಗೆ ತಲೆ ಇತ್ತು. ನೀನು ಬರೆದ ಉತ್ತರ ಸರಿ ಇತ್ತು. ಮೂರು ಗೇಣು ಎಂದರೆ ಕಾಗದದ ಮೇಲೆ ಮೂರು ಬರೆದು, ಕೆಳಗೊಂದು ಗೆರೆ ಎಳೆದು, ಅದರ ಕೆಳಗೆ ಎಂಟು ಬರೆಯುವುದು. ನೀನು ಮೂರು ಸಲ ಕೇಳಿದ್ದು ಇಷ್ಟೇ.